ಗೋಡೆಯಾಚೆಯ ಮಗ್ಗ

ಇದು ಆಗುವುದಿಲ್ಲ ಎಂದವನು ನನ್ನ ದೊಡ್ಡಪ್ಪ. ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದರಿಂದ ನಮ್ಮ ಮನೆಗೂ ಮನೆಯ ಕುರಿಹಿಂಡಿಗೂ ದೊಡ್ಡಪ್ಪನೇ ಹಿರಿಯ. ಮಹಾರಾಷ್ಟ್ರದ ಗಡಿಯಲ್ಲಿ, ಗಡಹಿಂಗ್ಲಜದಾಚೆಯ ನಮ್ಮೂರಿನಿಂದ ಹಿಂಡು ಹೊಡೆದುಕೊಂಡು ಹೊರಟು, ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸುತ್ತ, ದತ್ತವಾಡದವರೆಗೆ ಹೋಗಿ ತಿರುಗಿ ಬರುವುದು ಅವನ ವರ್ಷದ ದಾರಿ. ಹತ್ತನೆಯ ತರಗತಿ ಮುಗಿಸಿ ಮುಂದೆ ಓದುತ್ತೇನೆ ಎಂದು ನಾನು ಹೇಳಿದಾಗ ಅವನು ಅಂಗಳದಲ್ಲಿ ಕಂಬಳಿ ಝಾಡಿಸುತ್ತಿದ್ದ.

"ಕಾಲೇಜ ಆದೀತು, ಪರೀಕ್ಷಾ ಪಾಸೂ ಆದೀ. ಆದ್ರ ನಾಕ ಗ್ವಾಡಿ ನಡುವ ಕುರ್ಚಿ ಮ್ಯಾಲ ಕುಂತು ಪಗಾರ ತಗೊಳ್ಳೂದು ನಮ್ಮ ಮನಿತನಕ್ಕ ಆಗೂದಿಲ್ಲೋ ತಮ್ಮಾ. ಇಂದ ಕುಂಡ್ರಸ್ತಾರ, ನಾಳಿ ಎಬ್ಬಸ್ತಾರ."

ಹಾಗೆಂದ ವರ್ಷವೇ ನನ್ನ ಫೀಗೆ ಟಗರು ಮಾರಿದವನೂ ಅವನೇ. ಮರುವರ್ಷವೂ ಮಾರಿದ, ಅದರ ಮರುವರ್ಷವೂ. ಪ್ರತಿ ಸಲ ಟಗರಿನ ಕೊರಳ ಹಗ್ಗ ಬಿಚ್ಚಿ ಕೊಳ್ಳುವವನ ಕೈಗೆ ಕೊಡುವಾಗ ಅದೇ ಮಾತು ಹೇಳುತ್ತಿದ್ದ. ಅದು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಓದಿದ್ದರ ಅರ್ಧವನ್ನು ಆ ಮುಳ್ಳಿನ ಮೇಲೆಯೇ ಓದಿದೆ.

ಊರಲ್ಲಿ ಕನ್ನಡ ಶಾಲೆ. ಗಡಹಿಂಗ್ಲಜದ ಕಾಲೇಜಿನಲ್ಲಿ ಪಾಠವೆಲ್ಲ ಮರಾಠಿಯಲ್ಲಿ. ಕೊಲ್ಹಾಪುರಕ್ಕೆ ಬಂದಾಗ ಪುಸ್ತಕ, ಪರೀಕ್ಷೆ, ಸಂದರ್ಶನ ಎಲ್ಲವೂ ಇಂಗ್ಲಿಷು. ಒಂದು ಭಾಷೆಯಲ್ಲಿ ಕೇಳಿ, ಇನ್ನೊಂದರಲ್ಲಿ ಅರ್ಥಮಾಡಿಕೊಂಡು, ಮೂರನೆಯದರಲ್ಲಿ ಬರೆಯುವುದು ಎಂಥ ಕಷ್ಟವೆಂದು ಬಲ್ಲವರು ಬಲ್ಲರು. ಹಾಸ್ಟೆಲಿನ ಹುಡುಗರು ನನ್ನ ಮರಾಠಿ ಕೇಳಿ ನಗುತ್ತಿದ್ದರು. ನಮ್ಮೂರವರು ನನ್ನ ಕನ್ನಡದಲ್ಲಿ ಮರಾಠಿ ಕಂಡು ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ಪದವಿ ಬಂತು. ನಮ್ಮ ಮನೆಯಲ್ಲಿ ಅದು ಮೊದಲನೆಯದು, ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಕೆಲಸ ಸಿಕ್ಕಿದ್ದು ಇಚಲಕರಂಜಿಯಲ್ಲಿ. ನೂಲಿನ ವ್ಯಾಪಾರದ ಜೈನ ಮನೆತನದ ಮಗನೊಬ್ಬ ಹೊಸದಾಗಿ ಸಣ್ಣ ಕಂಪನಿ ತೆರೆದಿದ್ದ. ಎಲ್ಲರೂ ಅವನನ್ನು ದಾದಾ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವನ ಅಜ್ಜಿಯ ತವರು ಕನ್ನಡ ಆಡುವ ದತ್ತವಾಡ. ಹಾಗಾಗಿ ಸಿಟ್ಟು ಬಂದಾಗ ಮರಾಠಿ, ಸಲಿಗೆ ಬಂದಾಗ ಕನ್ನಡ. ಕಂಪನಿಯ ಕೆಲಸ ಹೇಳಲು ಸುಲಭ. ಪವರ್‌ಲೂಮ್ ಶೆಡ್ಡುಗಳಲ್ಲಿ ಪ್ರತಿ ಮಗ್ಗದ ಮೇಲೆ ಒಂದು ಕ್ಯಾಮೆರಾ. ಎಳೆ ಹರಿದರೆ, ಬಟ್ಟೆಯ ಮೇಲೆ ಎಣ್ಣೆ ಕಲೆ ಬಿದ್ದರೆ, ನಮ್ಮ ಸಾಫ್ಟ್‌ವೇರು ಅದನ್ನು ಚಿತ್ರದಲ್ಲಿ ಗುರುತಿಸಿ ಮಾಲಕನ ಮೊಬೈಲಿಗೆ ತಿಳಿಸುತ್ತದೆ. ಚಿತ್ರಗಳೆಲ್ಲ ಹೋಗಿ ಸೇರುವುದು ಕ್ಲೌಡ್‌ಗೆ. ಕ್ಲೌಡ್ ಎಂದರೆ ಬೇರೆ ಏನೂ ಅಲ್ಲ. ಮುಂಬೈ ಕಡೆಯ ಯಾವುದೋ ದೊಡ್ಡ ಕಟ್ಟಡದಲ್ಲಿ ಸಾಲಾಗಿ ನಿಂತ ಇನ್ನೊಬ್ಬರ ಕಂಪ್ಯೂಟರುಗಳು. ಬಾಡಿಗೆ ಕೊಟ್ಟು ಬಳಸಬೇಕು.

ದೊಡ್ಡಪ್ಪ ಒಮ್ಮೆ ಆಫೀಸಿಗೆ ಬಂದಿದ್ದ. ಹಿಂಡು ಶಿರೋಳದ ಕಡೆಯ ಹೊಲವೊಂದರಲ್ಲಿ ಕೂತಿತ್ತು, ಅಲ್ಲಿಂದ ಬಸ್ಸು ಹಿಡಿದು ಬಂದಿದ್ದ. ನನ್ನ ಕುರ್ಚಿಯಲ್ಲಿ ಕೂರಿಸಿದೆ. ಅದು ತಿರುಗಿದ ಕೂಡಲೇ ಮೇಜು ಗಟ್ಟಿಯಾಗಿ ಹಿಡಿದುಕೊಂಡ.

"ಇದರ ಮ್ಯಾಲ ಕುಂತು ಏನ ಮಾಡ್ತೀಯೋ?"

"ಖರ್ಚ ಕಡಿಮಿ ಮಾಡಾಕತ್ತೇನಿ ದೊಡ್ಡಪ್ಪಾ. ಕಂಪನೀದು."

"ಖರ್ಚ ಕಡಿಮಿ ಮಾಡಾಕ ಪಗಾರ ಕೊಟ್ಟು ಮಂದೀನ ಇಡತಾರೇನು?" ಎಂದು ದಾದಾನ ಕಡೆ ತಿರುಗಿದ. "ಶಾಣ್ಯಾ ಅದೀರಿ ನೀವು, ಸಾವಕಾರ್ರ."

ದಾದಾ ನಕ್ಕ. ನಾನೂ ನಕ್ಕೆ. ಈಗ ಆ ಮಾತು ನೆನಪಾದರೆ ನಗು ಬರುವುದಿಲ್ಲ.

ಖರ್ಚಿನ ಸಂಗತಿ ಹೀಗಿತ್ತು. ಕ್ಲೌಡ್ ಬಿಲ್ಲು ತಿಂಗಳಿಗೊಮ್ಮೆ ಬರುತ್ತಿತ್ತು, ಬಂದಾಗಲೆಲ್ಲ ಹಿಂದಿನದಕ್ಕಿಂತ ದಪ್ಪ. ಶೆಡ್ಡುಗಳಿಂದ ನಮಗೆ ಬರುವ ಹಣದಲ್ಲಿ ಬಹುಪಾಲನ್ನು ಅದೇ ನುಂಗುತ್ತಿತ್ತು. ದಾದಾನ ಅಪ್ಪ ಇನ್ನೊಂದು ವರ್ಷ ನೋಡುತ್ತೇನೆ, ಆಮೇಲೆ ಈ ಆಟ ಸಾಕು ಎಂದಿದ್ದರು. ದಾದಾಗೆ ಅದು ಆಟ ಮುಗಿದಂತೆ. ತಿರುಗಿ ಹೋಗಲು ನೂಲಿನ ಅಂಗಡಿ ಇತ್ತು. ನನಗೆ ಆ ಕುರ್ಚಿ ಬಿಟ್ಟರೆ ಬೇರೆ ಇರಲಿಲ್ಲ. ಹೋದರೆ ದೊಡ್ಡಪ್ಪನ ಮಾತು ಗೆದ್ದಂತೆ.

ಮೊದಲು ಎಲ್ಲರಂತೆ ನಾನೂ ಸಾಮಾನು ಜಾಸ್ತಿಯಾಗಿದೆ ಎಂದುಕೊಂಡೆ. ಹಳೆಯ ಚಿತ್ರಗಳನ್ನು ಅಳಿಸಿದೆ, ಉಳಿದವನ್ನು ಕುಗ್ಗಿಸಿದೆ. ಬಿಲ್ಲು ಜಗ್ಗಲಿಲ್ಲ. ಆಮೇಲೆ ಒಂದೊಂದೇ ಸಾಲು ಹಿಡಿದು ಓದಿದೆ. ಇಡುವ ಬಾಡಿಗೆ ಅಷ್ಟೇನೂ ಇರಲಿಲ್ಲ. ನಮ್ಮನ್ನು ತಿನ್ನುತ್ತಿದ್ದುದು ಕೆಳಗಿನ ಸಾಲು: ಡೇಟಾ ಟ್ರಾನ್ಸ್‌ಫರ್ ಔಟ್. ಒಳಗೆ ಕಳಿಸಲು ಅವರು ಏನೂ ತೆಗೆದುಕೊಳ್ಳುವುದಿಲ್ಲ. ಹೊರಗೆ ತರಿಸಿಕೊಂಡರೆ, ತರಿಸಿಕೊಂಡ ತೂಕಕ್ಕೆ ತಕ್ಕಂತೆ ಕೊಡಬೇಕು. ಒಂದೇ ಚಿತ್ರವನ್ನು ನಾಲ್ಕು ಜನ ನೋಡಿದರೆ ನಾಲ್ಕು ಸಲದ ಲೆಕ್ಕ.

ದಾದಾಗೆ ಅವನ ಭಾಷೆಯಲ್ಲೇ ಹೇಳಿದೆ. "ದಾದಾ, ಗೋದಾಮಿನಾಗ ಮಾಲ ಇಳಸಾಕ ಹಮಾಲಿ ಇಲ್ಲ. ಆದ್ರ ನಮ್ಮದ ಮಾಲ ನಾವ ತಿರಗಿ ಗಾಡಿಗೆ ಏರಸಬೇಕಂದ್ರ ಗಂಟು ಗಂಟಿಗೆ ಹಮಾಲಿ ಐತಿ."

ದಾದಾ ಗಲ್ಲದ ಮೇಲೆ ಕೈ ಇಟ್ಟು ಯೋಚಿಸಿದ. "ಹಂಗಾರ ಅದು ಗೋದಾಮ ಅಲ್ಲೋ, ಇಲಿ ಬೋನ. ಒಳಗ ಹೋಗಾಕ ಬಾಗಲಾ ತೆರದ ಇಟ್ಟಾರ."

ಆ ಸಾಲಿನ ಹಿಂದೆ ಬಿದ್ದೆ. ಮೊದಲು ಸಿಕ್ಕಿದ್ದು ನಮ್ಮದೇ ಅವ್ಯವಸ್ಥೆ. ಚಿತ್ರ ಇಡುವ ಯಂತ್ರ ಒಂದು ಕಟ್ಟಡದಲ್ಲಿ, ಚಿತ್ರ ನೋಡಿ ತಪ್ಪು ಹುಡುಕುವ ಯಂತ್ರ ಇನ್ನೊಂದು ಕಟ್ಟಡದಲ್ಲಿ. ಎರಡರ ನಡುವೆ ಹೋಗಿ ಬರುವುದಕ್ಕೂ ಅವರು ಲೆಕ್ಕ ಹಾಕುತ್ತಿದ್ದರು. ಎರಡನ್ನೂ ಒಂದೇ ಕಡೆಗೆ ತಂದೆ. ಸ್ವಲ್ಪ ಇಳಿಯಿತು. ಆದರೆ ಸ್ವಲ್ಪವೇ. ಯಾವ ಶೆಡ್ಡಿನ ಚಿತ್ರ ಎಷ್ಟು ಹೊರಗೆ ಬರುತ್ತಿದೆ ಎಂದು ಬಿಡಿಸಿ ನೋಡಿದಾಗ, ಎಲ್ಲಕ್ಕಿಂತ ಮೇಲೆ ನಿಂತದ್ದು ನಮ್ಮ ಮೊದಲ ಗಿರಾಕಿಯ ಶೆಡ್ಡು. ಆ ಮಾಲಕ ವಯಸ್ಸಿನಲ್ಲಿ ಹಿರಿಯರು, ಊರವರಿಗೆಲ್ಲ ಕಾಕಾ. ಗಡಿಯಾಚೆಯ ಹಳ್ಳಿಯಿಂದ ಬಂದು ನೆಲೆಸಿದವರು. ನನ್ನ ಹತ್ತಿರ ಕನ್ನಡವನ್ನೇ ಆಡುತ್ತಿದ್ದರು. ಅವರಲ್ಲಿಗೆ ಹೋದೆ.

ಇಚಲಕರಂಜಿಯ ಶೆಡ್ಡುಗಳನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಮಗ್ಗಗಳಿರುವ ಶೆಡ್ಡು, ಅದಕ್ಕೆ ಅಂಟಿಕೊಂಡೇ ಮಾಲಕ ಕೂರುವ ಖೋಲಿ. ನಡುವೆ ಒಂದೇ ಗೋಡೆ. ಖೋಲಿಯಲ್ಲಿ ಬಿಳಿ ಗಾದಿ, ಲೋಡು, ಗೋಡೆಯಲ್ಲಿ ದೇವರ ಫೋಟೊ. ಬಟ್ಟೆ ಕೊಳ್ಳುವ ಬೇಪಾರಿ ಬಂದರೆ ಆ ಗಾದಿಯ ಮೇಲೆಯೇ ಕೂತು ಚಹಾ ಕುಡಿದು ಮಾತು ಮುಗಿಸುವುದು ಅಲ್ಲಿಯ ಪದ್ಧತಿ. ಶೆಡ್ಡಿನೊಳಗೆ ಕಾಲಿಡುವುದಿಲ್ಲ, ಅಂಗಿಗೆ ಹತ್ತಿಯ ಧೂಳು ಹತ್ತುತ್ತದೆ.

ಕಾಕಾ ಅವರ ಗಾದಿಯ ಎದುರು ಗೋಡೆ ತುಂಬುವಷ್ಟು ದೊಡ್ಡ ಟಿವಿ ಇತ್ತು. ಅದರಲ್ಲಿ ಅವರದೇ ಮಗ್ಗಗಳು ಓಡುತ್ತಿದ್ದವು. ಕಾಕಾ ಟಿವಿಯತ್ತ ಬೆನ್ನು ಮಾಡಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. ನೋಡುವವರು ಯಾರೂ ಇಲ್ಲ.

ಸುಮ್ಮನೆ ನಿಂತು ನೋಡಿದೆ. ಟಿವಿಯಲ್ಲಿ ಸದ್ದಿರಲಿಲ್ಲ, ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು, ಕಾಲಡಿಯ ಫರಸಿಯನ್ನೂ ನಡುಗಿಸುವ ಖಟಖಟ. ಅಷ್ಟರಲ್ಲಿ ಹತ್ತಿರದ ಮಗ್ಗದ ಸದ್ದು ನಿಂತಿತು. ಟಿವಿಯಲ್ಲಿ ಅದೇ ಮಗ್ಗ ಇನ್ನೂ ಓಡುತ್ತಲೇ ಇತ್ತು. ಉಸಿರು ಎಳೆದು ಬಿಡುವಷ್ಟು ಹೊತ್ತಾದ ಮೇಲೆ ಟಿವಿಯ ಮಗ್ಗವೂ ನಿಂತಿತು, ಕಾಮಗಾರ ಬಗ್ಗಿ ಹರಿದ ಎಳೆ ಹುಡುಕತೊಡಗಿದ.

ಆ ತಡದಲ್ಲಿ ನನಗೆ ಎಲ್ಲ ತಿಳಿಯಿತು. ಕೈ ಚಾಚಿದರೆ ಮುಟ್ಟುವ ಗೋಡೆಯ ಆಚೆಗಿನ ಮಗ್ಗ ಮುಂಬೈಗೆ ಹೋಗಿ, ಅಲ್ಲಿಂದ ತಿರುಗಿ ಬಂದು, ಗೋಡೆಯ ಈಚೆಗೆ ಕಾಣುತ್ತಿತ್ತು. ಬರುವ ದಾರಿಯ ಹಮಾಲಿಯನ್ನು ನಾವು ಕೊಡುತ್ತಿದ್ದೆವು. ಬೆನ್ನು ತೋರಿಸಿ ಕೂತ ಮನುಷ್ಯನಿಗಾಗಿ, ಇಡೀ ದಿನ.

"ಕಾಕಾ, ಇದನ್ನ ಯಾರ್ಯಾರು ನೋಡತೀರಿ?"

"ಮನಿ ಮಂದಿ ಅಷ್ಟ. ನಾ, ತಮ್ಮಂದಿರು, ಗಡಹಿಂಗ್ಲಜದ ಅಳಿಯಾ... ಅವನ ಅರಬಿ-ಬಟ್ಟಿ ಅಂಗಡ್ಯಾಗೂ ಟಿವಿ ಹಚ್ಯಾನ. ಗಿರಾಕಿ ಬಂದ್ರ, ನೋಡ್ರಿ ನಮ್ಮ ಮಾವನ ಶೆಡ್ಡ ಅಂತಾನ. ಬೀಗರೂ ನೋಡತಾರ. ಮತ್ತ ಬೇಪಾರ್ಯಾರು."

"ಎಲ್ಲಾರಿಗೂ ಪಾಸ್‌ವರ್ಡ್ ಕೊಟ್ಟೀರೇನು?"

"ಪಾಸ್‌ವರ್ಡ ಅಂದ್ರ ಮನಿ ಕೀಲಿ ಇದ್ದಂಗ. ಮನಿ ಮಂದಿಗೆ ಕೊಡಬಾರದೇನ್ರಿ? ಅಳಿಯಾ ಬಂದ್ರ ಬಾಗಲಾ ಬಡದು ನಿಂದರಬೇಕೇನು?"

ಬೇರೆ ಶೆಡ್ಡುಗಳಿಗೂ ಹೋದೆ. ಒಬ್ಬರ ಗಾದಿಯ ಮುಂದೆ ಟಿವಿ ಬಂದ ಮೇಲೆ ಉಳಿದವರೆಲ್ಲ ತಂದಿದ್ದರು. ಒಬ್ಬರಿಗಿಂತ ಒಬ್ಬರದು ದೊಡ್ಡದು. ಮೊಬೈಲಿಗೆ ಬರುವ ಸಣ್ಣ ಸೂಚನೆಗೆಂದು ನಾವು ಕಟ್ಟಿದ ವ್ಯವಸ್ಥೆಯನ್ನು ಅವರು ಮನೆತನದ ಮಾನಕ್ಕೆ ಹಚ್ಚಿಕೊಂಡಿದ್ದರು.

ಸ್ವಲ್ಪ ಹೊತ್ತು ಯಾರೂ ರಿಮೋಟು ಮುಟ್ಟದಿದ್ದರೆ, ನೋಡುವವರಿಲ್ಲವೆಂದು ಚಿತ್ರ ತಾನೇ ನಿಲ್ಲುವಂತೆ ಮಾಡಿದೆ. ಮರುದಿನವೇ ಕಾಕಾ ಅವರ ಫೋನು.

"ಟಿವಿ ಕರ್ರಗ ಆಗೇತಲ್ರಿ! ಬೇಪಾರಿ ಕುಂತಾನ ಎದುರಿಗೆ. ಶೆಡ್ಡ ಬಂದ್ ಐತೇನ್ರಿ ಅಂತ ಕೇಳಾಕತ್ತಾನ. ನನ್ನ ಮಾನ ತಗೀತೀರೇನು?"

ಗೋಡೆಯಾಚೆ ಮಗ್ಗಗಳ ಸದ್ದು ಫೋನಿನಲ್ಲೂ ಕೇಳುತ್ತಿತ್ತು. ಆ ಬೇಪಾರಿಗೆ ಅದು ಕೇಳಿಸಿರಲಿಲ್ಲವೇ? ಕೇಳಿಸಿರುತ್ತದೆ. ಆದರೆ ಕಂಡದ್ದೇ ಖರೆ. ಚಿತ್ರ ಮತ್ತೆ ಹಚ್ಚಿಕೊಟ್ಟೆ.

ಹಲವು ವಾರ ತಲೆ ಕೆಡಿಸಿಕೊಂಡ ಮೇಲೆ ದಾರಿ ಹೊಳೆಯಿತು. ಟಿವಿ ನಿಲ್ಲಿಸಲು ಆಗುವುದಿಲ್ಲ ಎಂದಾದರೆ, ಚಿತ್ರವನ್ನು ಮುಂಬೈಗೆ ಕಳಿಸುವುದನ್ನೇ ನಿಲ್ಲಿಸಬೇಕು. ಪ್ರತಿ ಶೆಡ್ಡಿನಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರು ಇಡುವುದು. ಕ್ಯಾಮೆರಾದ ಚಿತ್ರ ಅದಕ್ಕೆ ಬರುತ್ತದೆ, ಬಟ್ಟೆಯ ತಪ್ಪನ್ನೂ ಅದೇ ಹುಡುಕುತ್ತದೆ, ಟಿವಿಗೂ ಅಲ್ಲಿಂದಲೇ ತಂತಿ. ಮುಂಬೈಗೆ ಹೋಗುವುದು ತಪ್ಪು ಸಿಕ್ಕ ತುಣುಕಿನ ಚಿತ್ರ ಮಾತ್ರ. ದೂರದ ಅಳಿಯಂದಿರಿಗೆ ಸಣ್ಣ, ಮಸುಕು ಚಿತ್ರ; ಅಂಗಡಿಯಲ್ಲಿ ತೋರಿಸಿಕೊಳ್ಳಲು ಅಷ್ಟು ಸಾಕು.

ಆ ಸಾಫ್ಟ್‌ವೇರು ಬರೆದದ್ದು ನಾನೊಬ್ಬನೇ. ಶೆಡ್ಡಿನ ಧೂಳಿಗೆ ಪೆಟ್ಟಿಗೆ ಉಸಿರು ಕಟ್ಟಿ ನಿಂತಾಗ ಅದಕ್ಕೆ ಹಳೆಯ ಧೋತರದ ಬಟ್ಟೆಯ ಜಾಳಿಗೆ ಹೊಲಿದು ಕಟ್ಟಿದವನೂ ನಾನೇ. ಮುಂದಿನ ಬಿಲ್ಲು ಬಂದಾಗ ದಾದಾ ಅದನ್ನು ಬೇರೆ ಕಂಪನಿಯ ಬಿಲ್ಲು ಎಂದುಕೊಂಡ. ಪೇಢೆ ತರಿಸಿ ಎಲ್ಲರಿಗೂ ಹಂಚಿದ. ಆ ಸಂಜೆ ದೊಡ್ಡಪ್ಪನಿಗೆ ಫೋನು ಮಾಡಿ, "ಆತ್ ನೋಡ ದೊಡ್ಡಪ್ಪಾ" ಎಂದೆ. ಏನು ಆಯಿತು ಎಂದು ಅವನು ಕೇಳಲಿಲ್ಲ. "ಭಾಳ ಚಲೋ ಆತು ಬಿಡು," ಎಂದ. ಹಿಂದಿನಿಂದ ಕುರಿಗಳ ಸದ್ದು ಕೇಳುತ್ತಿತ್ತು.

ನನ್ನ ಸಂತೋಷದ ಆಯುಷ್ಯ ಅಷ್ಟೇ.

ಮುಂದಿನ ತಿಂಗಳು ಕಾಕಾ ನಮ್ಮ ಬಿಲ್ಲು ತಿರುಗಿ ಕಳಿಸಿದರು. ಏನೋ ತಪ್ಪಾಗಿದೆ ಎಂದು ಹೋದೆ. ಗಾದಿಯ ಮೇಲೆ ಕೂರಿಸಿದರು, ಚಹಾ ಕೊಟ್ಟರು. ಟಿವಿಯಲ್ಲಿ ಮಗ್ಗಗಳು ಈಗ ತಡವಿಲ್ಲದೆ, ಸದ್ದಿಗೆ ಸರಿಯಾಗಿ ಓಡುತ್ತಿದ್ದವು. ನಾನು ಮಾಡಿದ ಕೆಲಸ ನನ್ನ ಎದುರಿಗೇ ಇತ್ತು.

"ಪೆಟಗಿ ಎಲ್ಲೈತಿ?" ಕಾಕಾ ಕೇಳಿದರು.

"ನಿಮ್ಮ ಶೆಡ್ಡಿನಾಗ."

"ಕರೆಂಟ ಯಾರದು?"

"ನಿಮ್ದು."

"ಮದಲ ಚಿತ್ರ ಮುಂಬೈ ತನಕ ಹೋಗಿ ಬರತಿತ್ತು, ರೊಕ್ಕ ಕೊಟ್ವಿ. ಇಲ್ಲ ಅನ್ನಲಿಲ್ಲ. ಈಗ ಗ್ವಾಡಿ ದಾಟಿ ಬರತೈತಿ. ಗ್ವಾಡಿ ದಾಟೂದಕ್ಕ ಯಾರರೇ ಬಸ್ ಚಾರ್ಜ ಕೊಡತಾರೇನ್ರಿ?"

"ಕಾಕಾ, ಅದರೊಳಗಿನ ಸಾಫ್ಟ್‌ವೇರ್ ನಮ್ದೈತ್ರಿ. ತಪ್ಪ ಹುಡುಕೂದು ಅದ."

"ಹೌದ್ರಿ, ಶಾಣ್ಯಾ ಐತಿ ನಿಮ್ಮ ಪೆಟಗಿ. ನಾ ಎಲ್ಲಿ ಇಲ್ಲ ಅಂದೆ? ತಗೊಂಡ ಹೋಗ್ರಿ ಬೇಕಾದ್ರ," ಎಂದರು. ನಾನು ತೆಗೆದುಕೊಂಡು ಹೋಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಅವರು ಮೋಸಗಾರರಲ್ಲ. ದೂರಕ್ಕೆ ಕಳಿಸಿ ತರಿಸುವುದಕ್ಕೆ ತಾವು ಹಣ ಕೊಡುತ್ತಿದ್ದೇವೆ ಎಂದೇ ಅವರು ಮೊದಲಿನಿಂದ ತಿಳಿದಿದ್ದರು. ನಾವೂ ಹಾಗೆಯೇ ಹೇಳಿ ಮಾರಿದ್ದೆವಲ್ಲ: ನಿಮ್ಮ ಮಗ್ಗ ಕ್ಲೌಡ್‌ನಲ್ಲಿ, ಎಲ್ಲಿಂದ ಬೇಕಾದರೂ ನೋಡಿ. ಬುದ್ಧಿ ಮಾರುತ್ತಿದ್ದೇವೆ ಎಂದು ಯಾರೂ ಹೇಳಿರಲಿಲ್ಲ. ಈಗ ಆ ದೂರವೇ ಇಲ್ಲವಾಯಿತು, ಅದರ ಜೊತೆಗೆ ಬೆಲೆಯೂ ಹೋಯಿತು. ಕಾಕಾ ಅದೇ ಮಾತನ್ನು ಚಹಾದಂಗಡಿಯಲ್ಲೂ ಅಂದರು, ಅದು ಅಣ್ಣತಮ್ಮಂದಿರಂತಿದ್ದ ಉಳಿದ ಮಾಲಕರಿಗೆಲ್ಲ ತಿಳಿಯಿತು. ಟಿವಿ ತಂದಂತೆಯೇ ಒಬ್ಬರ ಹಿಂದೆ ಒಬ್ಬರು ಬಿಲ್ಲು ತಿರುಗಿ ಕಳಿಸಿದರು.

ದಾದಾಗೆ ಹೇಳಿದೆ: "ಇಲ್ಲಿಂದ ಒಂದ ಗುಂಡಿ ಒತ್ತಿದ್ರ ಎಲ್ಲಾ ಪೆಟಗಿ ಬಂದ್ ಮಾಡಬಹುದು. ಆಗ ದಾರಿಗೆ ಬರತಾರ."

ದಾದಾ ಕೈ ಮುಗಿದ. "ಬ್ಯಾಡೋ ಮಾರಾಯಾ. ಎಲ್ಲಾರೂ ಅಪ್ಪನ ನೂಲಿನ ಗಿರಾಕಿ. ಇವರ ಟಿವಿ ಬಂದ್ ಮಾಡಿದ್ರ ನಮ್ಮ ಅಪ್ಪ ನನ್ನ ಮನಿ ಬಾಗಲಾ ಬಂದ್ ಮಾಡತಾನ."

ಅಲ್ಲಿಗೆ ತೀರಿತು. ಬಿಲ್ಲು ಹಗುರಾಗಿತ್ತು, ಆದರೆ ಆ ಹಗುರ ಬಿಲ್ಲಿಗೂ ಕೊಡಲು ಏನೂ ಬರುತ್ತಿರಲಿಲ್ಲ. ಕಂಪನಿ ಮುಚ್ಚುವುದೆಂದು ದಾದಾ ಹೇಳಿದ ದಿನ ಹೊರಗೆ ಬಿಸಿಲು, ಒಳಗೆ ಫ್ಯಾನು ತಿರುಗುತ್ತಿತ್ತು, ಎಲ್ಲ ಎಂದಿನಂತೆ.

ಕ್ಲೌಡ್‌ನಲ್ಲಿ ಉಳಿದಿದ್ದವು ನಮ್ಮ ಬಟ್ಟೆಯ ಚಿತ್ರಗಳು. ಎಳೆ ಹರಿದದ್ದು, ಕಲೆ ಬಿದ್ದದ್ದು, ಅಂಚು ಸೊಟ್ಟಾದದ್ದು. ಒಂದೊಂದನ್ನೂ ನಾನು ಕಣ್ಣಿಂದ ನೋಡಿ, ಇದು ಇಂಥ ತಪ್ಪು ಎಂದು ಗುರುತು ಹಾಕಿದ್ದೆ. ಅದನ್ನು ನೋಡಿಯೇ ಸಾಫ್ಟ್‌ವೇರು ಕಲಿತದ್ದು. ನನ್ನ ಆ ವರ್ಷಗಳು ಎಂದರೆ ಅವೇ.

"ಎಲ್ಲಾ ನಮ್ಮ ಕಂಪ್ಯೂಟರಿಗೆ ಇಳಿಸ್ಕೊಂಡ್ರ?" ದಾದಾ ಕೇಳಿದ.

"ಹಮಾಲಿ ಐತಿ ದಾದಾ. ಭಾಳ ಆಗತೈತಿ."

"ಅಲ್ಲೇ ಬಿಟ್ರ?"

"ತಿಂಗಳಾ ಬಾಡಿಗಿ."

"ಅಳಿಸಿದ್ರ?"

"ಅದಕ್ಕ ಏನೂ ಇಲ್ಲ. ಫುಕಟ್."

ದಾದಾ ಕಿಟಕಿಯ ಕಡೆ ನೋಡಿದ. "ಅಳಸು," ಎಂದ.

ಒಳಗೆ ಹಾಕಲು ಖರ್ಚಿಲ್ಲ, ಸುಟ್ಟು ಬೂದಿ ಮಾಡಲೂ ಖರ್ಚಿಲ್ಲ. ನಮ್ಮದನ್ನು ನಾವು ಮನೆಗೆ ತರುವುದಕ್ಕೆ ಮಾತ್ರ ಬೆಲೆ. ಖಂಡಿತವೇ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದೆ. ಇಷ್ಟು ದೊಡ್ಡದು ಅಳಿಯಲು ಬಹಳ ಹೊತ್ತು ಹಿಡಿದೀತು ಎಂದುಕೊಂಡಿದ್ದೆ. ಚಹಾ ಬರುವುದರೊಳಗೆ ಮುಗಿದಿತ್ತು.

ಕೊನೆಯ ದಿನ ದಾದಾ ಅನುಭವದ ಪ್ರಮಾಣಪತ್ರವನ್ನು ಒಳ್ಳೆಯ ದಪ್ಪ ಕಾಗದದಲ್ಲಿ ಮುದ್ರಿಸಿ, ಸಹಿ ಹಾಕಿ ಕೊಟ್ಟ. ಕೊಡುವಾಗ ಮರಾಠಿಯಲ್ಲಿ ಮಾತಾಡಿದ. ಸಿಟ್ಟಿನಿಂದಲ್ಲ, ನನ್ನ ಮುಖ ನೋಡಲು ಆಗದೆ. ಆಮೇಲೆ ಕೊಲ್ಹಾಪುರದಲ್ಲಿ ಕೆಲಸ ಹುಡುಕುತ್ತ ತಿರುಗಿದೆ. ಹೋದಲ್ಲೆಲ್ಲ ಆ ಕಾಗದವನ್ನು ಓದಿ, ಚೆನ್ನಾಗಿದೆ ಎಂದು ತಿರುಗಿ ಕೊಟ್ಟರು. ರೂಮು ಖಾಲಿ ಮಾಡಿ ನಿಪ್ಪಾಣಿ, ಸಂಕೇಶ್ವರದ ಮೇಲೆ ಹಾಯ್ದು ಗಡಹಿಂಗ್ಲಜಕ್ಕೆ ಬರುವ ಬಸ್ಸು ಹಿಡಿದೆ. ಮಹಾರಾಷ್ಟ್ರದಿಂದ ಮಹಾರಾಷ್ಟ್ರಕ್ಕೆ ಹೋಗಲು ಆ ಬಸ್ಸು ಕರ್ನಾಟಕ ಹೊಕ್ಕು ಹೊರಬರುತ್ತದೆ. ಕಿಟಕಿಗೆ ತಲೆ ಆನಿಸಿ ಕೂತಿದ್ದೆ.

ಹಿಂಡು ಗಡಹಿಂಗ್ಲಜದ ಹತ್ತಿರವೇ, ಕಬ್ಬು ಕಡಿದ ಹೊಲವೊಂದರಲ್ಲಿ ಇತ್ತು. ದೊಡ್ಡಪ್ಪ ಬದುವಿನ ಮೇಲೆ ಕೂತು ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದ. ನನ್ನ ಕೈಯ ಚೀಲ, ಹೆಗಲ ಹಾಸಿಗೆ ನೋಡಿದ. ಮರಿಯನ್ನು ಕೆಳಗೆ ಬಿಟ್ಟ. ಚೀಲದಿಂದ ಪ್ರಮಾಣಪತ್ರ ತೆಗೆದು ಅವನ ಮುಂದೆ ಹಿಡಿದೆ. ಅವನು ಕೈಯನ್ನು ಧೋತರಕ್ಕೆ ಒರೆಸಿ, ಎರಡೂ ಕೈಯಿಂದ ತೆಗೆದುಕೊಂಡ.

"ಇಂಗ್ಲೀಷ ಐತಿ. ಓದಿ ಹೇಳು."

ಹೇಳಿದೆ. ಪ್ರಾಮಾಣಿಕ, ದುಡಿಮೆಗಾರ, ಕಂಪನಿಯ ಖರ್ಚನ್ನು ಬಹಳ ಕಡಿಮೆ ಮಾಡಿದವನು.

"ತಪ್ಪ ಏನರೇ ಬರದಾರೇನು ನಿಂದು?"

"ಇಲ್ಲ."

"ಮತ್ತ ಯಾಕ ಎಬ್ಬಿಸಿದ್ರು?"

"ನೀ ಹೇಳಿದ್ದ ಖರೆ ಆತು ದೊಡ್ಡಪ್ಪಾ," ಎಂದೆ. ನಗುತ್ತಾನೆ, ಇಲ್ಲವೇ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಆ ಕಾಗದದ ಮೇಲೆ ಬಿದ್ದ ಕಬ್ಬಿನ ಒಣಗರಿಯ ಚೂರನ್ನು ಊದಿದ, ಮಡಿಕೆಯಾಗದಂತೆ ತನ್ನ ಕಂಬಳಿಯ ಮೇಲೆ ಇಟ್ಟ.

"ಆ ಮಾತ ಸುಳ್ಳಾಗಲಿ ಅಂತನ ಟಗರ ಮಾರಿದ್ನಲ್ಲೋ ನಾ."